ಉಕ್ಕಿನ ಗೋಳದೊಳಗೆ ಬೆಲ್ಲ

ನಮ್ಮ ಕಾರ್ಖಾನೆಯಿಂದ ಯಾವ ಪಾತ್ರೆಯೂ ಖಾಲಿ ಹೊರಡುವುದಿಲ್ಲ. ಇದು ನನ್ನ ಹೆಂಡತಿ ಜಯಲತಾಳ ಕಾನೂನು. ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಾವು ಹೋಟೆಲುಗಳಿಗೆ ಇಡ್ಲಿ ಸ್ಟೀಮರು, ಸಾಂಬಾರಿನ ಹಂಡೆ, ಹಾಲಿನ ಕ್ಯಾನು ಮಾಡಿಕೊಡುತ್ತೇವೆ. ಟೆಂಪೋಕ್ಕೆ ಏರಿಸುವ ಮೊದಲು ಅವಳು ಬಂದು ಪ್ರತಿಯೊಂದರೊಳಗೂ ಒಂದು ಹಿಡಿ ಅಕ್ಕಿ, ಒಂದು ಚೂರು ಬೆಲ್ಲ ಹಾಕುತ್ತಾಳೆ. ಖಾಲಿ ಪಾತ್ರೆ ಕೊಟ್ಟರೆ ಕೊಟ್ಟವರಿಗೂ ಪಡೆದವರಿಗೂ ಒಳ್ಳೆಯದಲ್ಲ ಎಂದು ಕಾರ್ಕಳದಲ್ಲಿ ಅವಳ ತಾಯಿ ಹೇಳಿಕೊಟ್ಟದ್ದು. ಠಾಣೆಯಿಂದ ಕಲ್ಯಾಣದವರೆಗೆ ಯಾವ ಹೋಟೆಲಿನವನೂ ಇದಕ್ಕೆ ತಕರಾರು ಮಾಡಿದ್ದಿಲ್ಲ.

ತಕರಾರು ಬಂದದ್ದು ವಿಜ್ಞಾನಿಗಳಿಂದ.

ನವಿ ಮುಂಬಯಿಯ ಸೀವುಡ್ಸ್‌ನ ಆಚೆ, ಖಾಡಿ ಎನ್ನುವ ಸಮುದ್ರದ ಹಿನ್ನೀರಿನ ದಡದಲ್ಲಿ, ಮೂಲವಿಜ್ಞಾನಕ್ಕೆ, ಗಣಿತಕ್ಕೆ ಎಂದೇ ಕೇಂದ್ರ ಸರ್ಕಾರ ಕಟ್ಟಿದ ಒಂದು ಸಂಸ್ಥೆ ಇದೆ. ಅಲ್ಲಿಂದ ಸಂಯುಕ್ತಾ ಎಂಬ ಮೈಸೂರಿನ ಹುಡುಗಿ ನಮ್ಮಲ್ಲಿಗೆ ಬಂದಳು. ಕುಂಬಳಕಾಯಿಯಷ್ಟು ದೊಡ್ಡ ಉಕ್ಕಿನ ಗೋಳ ಬೇಕು, ಸುತ್ತ ಗಾಜು ಕೂರಿಸಲು ಕಿಟಕಿಗಳಿರಬೇಕು, ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದರೂ ಎಲ್ಲೂ ಸೋರಬಾರದು ಎಂದಳು. ಹೊರದೇಶದಿಂದ ತರಿಸಿದರೆ ವರ್ಷ ಕಾಯಬೇಕಂತೆ.

"ಹೋಟೆಲ್ ಪಾತ್ರೆ ಮಾಡೋರ ಹತ್ರ ಯಾಕೆ ಹೋಗ್ತೀಯ ಅಂತ ನಮ್ಮ ಸೀನಿಯರ್ಸ್ ಬೈದ್ರು ಸಾರ್. ಇದು ಸರಿಹೋಗದಿದ್ರೆ ನನ್ನ ಪ್ರಯೋಗಾನೇ ನಿಲ್ಲಿಸಿಬಿಡ್ತಾರೆ."

ನನಗೆ ರೇಗಿತು. "ಹೋಟೆಲ್ ಪಾತ್ರೆ ಅಂದ್ರೆ ಕೀಳಾ? ನಮ್ಮ ಭೀಮುವಿನ ಬೆಸುಗೆ ನೋಡಿ ಆಮೇಲೆ ಮಾತಾಡ್ಲಿಕ್ಕೆ ಹೇಳಿ ಅವರಿಗೆ!"

ಭೀಮು ವಿಜಯಪುರದವನು, ನಮ್ಮ ವೆಲ್ಡರ್. ಅವನು ಬೆಸೆದ ಗೆರೆ ಕೂದಲು ಹೆಣೆದ ಹಾಗಿರುತ್ತದೆ. ಗೋಳಕ್ಕಾಗಿ ಅವನು ತಿಂಗಳುಗಟ್ಟಲೆ ತಲೆ ಎತ್ತಲಿಲ್ಲ. ಒಳಭಾಗವನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ತಾಗಿದರೂ ಕೆಟ್ಟಿತು ಎಂದು ಸಂಯುಕ್ತಾ ಸಾರಿ ಸಾರಿ ಹೇಳಿದ್ದಳು. ನಾನು ಅದನ್ನು ಭೀಮುವಿಗೆ ಹೇಳಿದೆ. ಹೆಂಡತಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ದಿನಬೆಳಗಾದರೆ ನಡೆಯುವ ಕೆಲಸವನ್ನು ಯಾರು ನೆನಪಿಡುತ್ತಾರೆ?

ಗೋಳ ಹೊರಡುವ ದಿನ ಜಯಲತಾ ಅದರ ಕಿಟಕಿಯೊಂದಕ್ಕೆ ಸುತ್ತಿದ್ದ ಅಲ್ಯುಮಿನಿಯಂ ಹಾಳೆಯನ್ನು ಬಿಡಿಸಿ, ಅಕ್ಕಿ ಬೆಲ್ಲ ಹಾಕಿ, ಮತ್ತೆ ನೀಟಾಗಿ ಮುಚ್ಚಿದಳು. ಮೇ ತಿಂಗಳ ಬಿಸಿಲು. ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಟೆಂಪೋ ಅರ್ಧ ದಿನ ನಿಂತಿತ್ತು.

ಮರುದಿನ ಸಂಯುಕ್ತಾಳ ಫೋನು. "ಸಾರ್, ಗೋಳಕ್ಕೆ ಇರುವೆ ಮುತ್ತಿದೆ."

"ಇರುವೆಯಾ? ಮೊದಲು ನಿಮ್ಮ ಲ್ಯಾಬು ಗುಡಿಸಿಟ್ಕೊಳ್ಳಿ!"

"ಸಾರ್, ಒಳಗೆ ಬೆಲ್ಲ ಇದೆ."

ಫೋನು ಇಟ್ಟು ನಾನು ಕೂಗಿದ ಕೂಗಿಗೆ ಪಕ್ಕದ ಶೆಡ್ಡಿನವರು ಹೊರಗೆ ಬಂದರು. ಹತ್ತೇ ನಿಮಿಷದಲ್ಲಿ ನಾನು, ಜಯಲತಾ, ಭೀಮು ಮೂವರೂ ಟೆಂಪೋ ಹತ್ತಿದೆವು.

"ಎಂತ ಮಾಡಿ ಹಾಕಿದ್ದಿ ನೀನು!"

"ಹಾಕ್ಬೇಡ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು? ಬಾಯಿ ಇರುವುದು ಬೊಬ್ಬೆ ಹಾಕ್ಲಿಕ್ಕೆ ಮಾತ್ರವಾ?"

ಭೀಮು ಮಧ್ಯೆ ಕೂತು ನಿಟ್ಟುಸಿರುಬಿಟ್ಟ. "ಬಿಡ್ರಿ ಸಾವ್ಕಾರ್ರ. ಅಕ್ಕಾರು ಬೆಲ್ಲಾ ಹಾಕ್ಯಾರ. ಉಪ್ಪಿನಕಾಯಿ ಹಾಕಿದ್ರ ಏನ್ ಮಾಡ್ತಿದ್ರಿ?"

ಸಂಯುಕ್ತಾ ನಮ್ಮನ್ನು ಸಂಸ್ಥೆಯ ಒಳಗೆ ಕರೆದೊಯ್ದಳು. ಉದ್ದನೆಯ ಪಡಸಾಲೆ, ಗೋಡೆಯ ತುಂಬ ಕರಿಹಲಗೆ. ಅಲ್ಲಿನವರು ಯಾರೋ ಮೂವರು ಚಹಾದ ಲೋಟ ಹಿಡಿದು ಹಲಗೆಯನ್ನೇ ನೋಡುತ್ತ ನಿಂತಿದ್ದರು. ಯಾರೂ ಮಾತಾಡುತ್ತಿಲ್ಲ, ಬರೆಯುತ್ತಿಲ್ಲ.

"ಇವರಿಗೆ ಕೆಲಸ ಇಲ್ವಾ?" ಎಂದೆ.

"ಮೆಲ್ಲಗೆ ಸಾರ್. ಅವರು ಗಣಿತದೋರು. ಆ ಒಂದು ಲೆಕ್ಕ ಹಿಡ್ಕೊಂಡು ನಾಲ್ಕು ವರ್ಷ ಆಯ್ತು. ಕೆಲಸಾನೇ ಮಾಡ್ತಿರೋದು."

ನಾಲ್ಕು ವರ್ಷ ಒಂದೇ ಲೆಕ್ಕ! ಊರಿನ ಶಾಲೆಯಲ್ಲಿ ನಾಲ್ಕು ನಿಮಿಷಕ್ಕೆ ಉತ್ತರ ಬಾರದಿದ್ದರೆ ಮೇಷ್ಟ್ರು ನನ್ನ ಕಿವಿ ಹಿಂಡುತ್ತಿದ್ದರು. ಉತ್ತರ ಬಾರದೆಯೂ ಒಬ್ಬ ಮನುಷ್ಯ ಅಷ್ಟು ಸಮಾಧಾನದಿಂದ ನಿಲ್ಲಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ತುದಿಗಾಲಿನಲ್ಲಿ ಅವರನ್ನು ದಾಟಿದೆ.

"ಒಂದು ಅವಕಾಶ ಕೊಟ್ಟಿದ್ದಾರೆ," ಎಂದಳು ಸಂಯುಕ್ತಾ. "ತೊಳೆದು, ಕಾಯಿಸಿ, ಗಾಳಿ ಎಳೆದು ನೋಡ್ಬೇಕು. ಆಗಲೂ ಆಗದಿದ್ರೆ ಗೋಳ ವಾಪಸ್. ನನ್ನ ಕೆಲಸಾನೂ ಅಷ್ಟೇ." ಅವಳ ಕಣ್ಣು ಕೆಂಪಾಗಿತ್ತು. ಬೈಯಲೆಂದೇ ಹೋಗಿದ್ದ ನಾನು ಗವಸು ಕೇಳಿ ಪಡೆದು ಗೋಳದ ಹತ್ತಿರ ಹೋದೆ.

ನನ್ನ ಕೈ ಕಿಟಕಿಯೊಳಗೆ ಹಿಡಿಸಲಿಲ್ಲ, ಭೀಮುವಿನದೂ ಹಿಡಿಸಲಿಲ್ಲ. ಜಯಲತಾ ತಲೆಗೆ ಟೋಪಿ, ಕೈಗೆ ಗವಸು ಹಾಕಿಕೊಂಡು ಸೋಪಿನ ನೀರಿನಲ್ಲಿ, ಆಮೇಲೆ ಅಸಿಟೋನಿನಲ್ಲಿ, ಆಮೇಲೆ ಸ್ಪಿರಿಟ್ಟಿನಲ್ಲಿ ಒಂದೊಂದು ಸಂದನ್ನೂ ಉಜ್ಜಿದಳು. ಸಂಯುಕ್ತಾ ಟಾರ್ಚು ಹಿಡಿದಳು. ಹೀಗೇ ಸಂಜೆಯಾಯಿತು. ಕೊನೆಗೆ ಗೋಳಕ್ಕೆ ಕರೆಂಟಿನಿಂದ ಕಾಯುವ ಪಟ್ಟಿಗಳನ್ನು ಸುತ್ತಿ, ಪಂಪು ಹಚ್ಚಿ, ಒಳಗಿನ ತೇವವೆಲ್ಲ ಹೋಗಲೆಂದು ಒಂದು ವಾರ ಬೇಯಿಸಲು ಬಿಟ್ಟರು.

ಆ ವಾರ ನಾನು ಕಾರ್ಖಾನೆಯಲ್ಲಿ ಯಾರನ್ನೂ ಬೈಯಲಿಲ್ಲ. ಹುಷಾರಿಲ್ಲವೇ ಎಂದು ಎಲ್ಲರೂ ಕೇಳಿದರು.

ಗೋಳ ತಣ್ಣಗಾದ ದಿನ ಸಂಯುಕ್ತಾ ನಮ್ಮನ್ನು ಕರೆಸಿದಳು. ಒಳಗೆ ಉಳಿದ ಗಾಳಿಯನ್ನು ತೋರಿಸುವ ಮೀಟರಿನಲ್ಲಿ ಅಂಕಿ ಇಳಿಯುತ್ತಿತ್ತು. ಒಂದು ಕಡೆ ನಿಂತಿತು. ಸಂಯುಕ್ತಾ ತುಟಿ ಕಚ್ಚಿದಳು. ಮತ್ತೆ ಇಳಿಯಿತು. ಇನ್ನೂ ಇಳಿಯಿತು. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

"ಸಾಕು ಸಾರ್! ಇಷ್ಟೇ ಬೇಕಾಗಿದ್ದದ್ದು. ಭೂಮಿ ಸುತ್ತೋ ಆ ಬಾಹ್ಯಾಕಾಶ ನಿಲ್ದಾಣ ಇದೆಯಲ್ಲ, ಅದರ ಹೊರಗಡೆಗಿಂತ ಇದರೊಳಗೆ ಹೆಚ್ಚು ಖಾಲಿ ಈಗ."

ಭೀಮು ತಾನು ಬೆಸೆದ ಗೆರೆಯನ್ನು ನೋಡಿದ. ಈಚೆಗೆ ನವಿ ಮುಂಬಯಿಯ ಸೆಕೆ, ಧೂಳು, ಖಾಡಿಯ ವಾಸನೆ. ಆಚೆಗೆ ಆಕಾಶಕ್ಕಿಂತ ಬರಿದಾದ ಜಾಗ. ನಡುವೆ ಅವನ ಗೆರೆ.

"ಪೂರ್ತಿ ಖಾಲಿಯಾ?" ಎಂದು ಜಯಲತಾ ಅಂಜುತ್ತ ಕೇಳಿದಳು.

"ಇಲ್ಲ ಆಂಟಿ. ಒಂದು ಚಮಚದಷ್ಟು ಜಾಗದಲ್ಲಿ ಇನ್ನೂ ಕೋಟಿಗೂ ಹೆಚ್ಚು ಕಣ ಇದ್ದಾವೆ. ಪೂರ್ತಿ ಖಾಲಿ ಮಾಡೋಕೆ ಯಾರಿಂದಲೂ ಆಗಿಲ್ಲ."

ಕೇಳಿದಿರಾ ಎನ್ನುವ ಹಾಗೆ ಜಯಲತಾ ನನ್ನತ್ತ ತಿರುಗಿ ನೋಡಿದಳು.

ಮಳೆಗಾಲ ಹಿಡಿದ ಮೇಲೆ ಇನ್ನೊಮ್ಮೆ ಕರೆ ಬಂತು. ಈ ಸಲ, ಅಂದು ಸಂಯುಕ್ತಾಳನ್ನು ಬೈದಿದ್ದ ಹಿರಿಯರಲ್ಲೊಬ್ಬರೇ ಬಾಗಿಲಿಗೆ ಬಂದು ಭೀಮುವಿನ ಕೈ ಕುಲುಕಿದರು. ಲ್ಯಾಬಿನ ದೀಪ ಆರಿಸಿ ಕರಿ ಪರದೆ ಎಳೆದರು.

"ಕಿಟಕಿಯಲ್ಲಿ ನೋಡಿ," ಎಂದಳು ಸಂಯುಕ್ತಾ. "ನಟ್ಟನಡುವೆ."

ಗೋಳದ ನಡುವೆ ರಾಗಿಕಾಳಿನಷ್ಟು ನೀಲಿ ಬೆಳಕು ನಿಂತಿತ್ತು. ಕೆಳಗೆ ಆಸರೆಯಿಲ್ಲ, ಮೇಲೆ ದಾರವಿಲ್ಲ.

"ಏನದು?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಸ್ಟ್ರಾಂಷಿಯಂ ಅಂತ ಒಂದು ಲೋಹ ಸಾರ್. ಪಟಾಕಿಗೆ ಕೆಂಪು ಬಣ್ಣ ಬರೋಕೆ ಹಾಕ್ತಾರೆ. ಅದರ ಪರಮಾಣುಗಳು ಅವು. ಬೆಳಕಿಂದ, ಒಂದಿಷ್ಟು ಅಯಸ್ಕಾಂತದಿಂದ ಹಿಡ್ಕೊಂಡಿದೀವಿ. ಆರೂ ಕಡೆಯಿಂದ ಬೆಳಕು ತಳ್ಳಿ ತಳ್ಳಿ ಅವುಗಳ ಓಟ ನಿಲ್ಲಿಸುತ್ತೆ. ಓಟ ನಿಂತ್ರೆ ತಣ್ಣಗಾಗ್ತವೆ. ನಮಗೆ ಗೊತ್ತಿರೋ ಇಡೀ ಆಕಾಶದಲ್ಲಿ, ತಾನಾಗೇ ಇಷ್ಟು ತಣ್ಣಗಿರೋ ಜಾಗ ಎಲ್ಲೂ ಇಲ್ಲ."

"ನಾ ಬೆಸದಿದ್ದರಾಗ?" ಎಂದ ಭೀಮು.

"ನೀವು ಬೆಸೆದಿದ್ದರಲ್ಲೇ."

ಜಯಲತಾ ನನ್ನ ಮಣಿಕಟ್ಟು ಹಿಡಿದು ತುಳುವಿನಲ್ಲಿ "ತೂಲೆ, ತೂಲೆ", ನೋಡಿ ನೋಡಿ, ಎಂದು ಪಿಸುಗುಟ್ಟಿದಳು. ನಾನು ನೋಡುತ್ತಲೇ ಇದ್ದೆ. ಉಸಿರು ಬಿಟ್ಟರೆ ಎಲ್ಲಿ ಆರಿಹೋಗುವುದೋ ಎಂದು ಎದೆ ಬಿಗಿಹಿಡಿದು ನಿಂತಿದ್ದೆ. ಸಂಯುಕ್ತಾಳಿಗೆ ಅದು ತಿಳಿದಿರಬೇಕು.

"ಉಸಿರಾಡಿ ಸಾರ್. ಹೊರಗಿನ ಗಾಳಿ ಅದಕ್ಕೆ ತಾಗಲ್ಲ."

ಉಸಿರು ಬಿಟ್ಟೆ. ಚುಕ್ಕೆ ಅಲುಗಲಿಲ್ಲ.