ಮೌಸಿನ ಹೊಟ್ಟೆಗೆ ಹಚ್ಚಿದ ಗಂಧ

ಮತ್ತೆ ಜಾರಿತು, ಅರಕೆರೆ ಎಂಬ ಹೆಸರಿನ ಮೇಲೆ ಆಗಷ್ಟೇ ಕೂತಿದ್ದ ಬಾಣ ತಾನಾಗಿ ನಡುಗಿ, ಪಕ್ಕಕ್ಕೆ ನೆಗೆದು, ಒಂದು ಸಾಲು ಕೆಳಗಿನ ಶೀಳನೆರೆಯ ಮೇಲೆ ಹೋಗಿ ನಿಂತಿತು, ಥೂ, ಇವತ್ತೇ ಬರಬೇಕಿತ್ತೇ ಇದಕ್ಕೆ ಈ ರೋಗ, ಸ್ಮೃತಿ ಮೌಸಿನಿಂದ ಕೈ ಕಿತ್ತುಕೊಂಡಳು — ಒತ್ತಬಾರದು, ಈಗ ಒತ್ತಬಾರದು, ಪರದೆಯ ಮೇಲ್ಗಡೆ ಕೆಂಪಕ್ಷರದಲ್ಲಿ ಬರೆದೇ ಇದೆ, ಒಮ್ಮೆ ಒತ್ತಿದ ಶಾಲೆಯನ್ನು ಬದಲಿಸಲಾಗದು, ಐದಕ್ಕೆ ಪಟ್ಟಿ ಮುಚ್ಚುತ್ತದೆ, ಈಗ ನಾಲ್ಕು ಮೂವತ್ತೈದು, ವಿಜಯದಶಮಿಯ ರಜೆಯ ದಿನವೇ ವರ್ಗಾವಣೆಗೆ ಕೊನೆಯ ಗಡುವು ಇಡುವವರಿಗೆ ಏನೆನ್ನಬೇಕು. ಬಿಂಡಿಗನವಿಲೆಯ ಶಾಲೆಗೆ ಟೀಚರಾಗಿ ಸೇರಿ ಆರು ವರ್ಷ, ಹೋಗಲು ಎರಡು ಬಸ್ಸು ಬರಲು ಎರಡು ಬಸ್ಸು, ಅರಕೆರೆಯಾದರೆ ಶ್ರೀರಂಗಪಟ್ಟಣದ ಈ ಮನೆಯಿಂದ ಒಂದೇ ಬಸ್ಸು, ಮಗಳು ಮೇಘನಳ ಜಡೆ ತಾನೇ ಹೆಣೆದು ಹೊರಡಬಹುದು, ಈಗ ಹೆಣೆಯುವವರು ಮಾವ ನಂಜುಂಡಯ್ಯನವರು, ದೇವಸ್ಥಾನದಲ್ಲಿ ನಲವತ್ತು ವರ್ಷ ಹಾರ ಕಟ್ಟಿದ ಕೈ, ಮೊಮ್ಮಗಳ ಕೂದಲನ್ನೂ ಹಾರದಂತೆಯೇ ಬಿಗಿದು ಕಳಿಸುತ್ತಾರೆ, ಸಂಜೆ ಅವಳಿಗೆ ತಲೆನೋವು. ಶೀಳನೆರೆಯಾದರೆ ಮತ್ತೆ ಎರಡು ಬಸ್ಸು, ಮತ್ತೆ ಮಗು ಏಳುವ ಮೊದಲೇ ಹೊರಡುವುದು, ಇನ್ನೆಷ್ಟು ವರ್ಷವೋ — ಶಾಲೆಯಲ್ಲಿ ಅಡುಗೆ ಮಾಡುವ ದೊಡ್ಡತಾಯಮ್ಮ ಸೌಟು ಹಿಡಿದೇ ಕೇಳಿದ್ದಳು, ಅಂಗಾರೆ ಓಗೇ ಬುಡ್ತೀರಾ ಮೇಡಮ್ಮು, ಓಗಿ ಓಗಿ, ನಮ್ಮೂರ್ ಕುರಿ ವಾಸ್ನೆ ತಪ್ತು ಅನ್ಕಳಿ, ಅಲ್ಲಿ ಯಾರ್ ಇಕ್ತಾರೆ ನಿಮ್ಗೆ ನನ್ನಂಗೆ ಸಾರು, ನಕ್ಕಿದ್ದಳು, ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು ಒಲೆ ಒಗೆ ಕಣ್ರವ್ವಾ ಒಗೆ ಎಂದಿದ್ದಳು. ಮೌಸಿನ ತಂತಿಯದೇ ತೊಂದರೆ ಇರಬೇಕು, ಸ್ಮೃತಿ ಮೇಜಿನಡಿ ಬಗ್ಗಿ ಕಿತ್ತು ಚುಚ್ಚಿದಳು, ಹೋಗಲಿಲ್ಲ, ತಿರುಗಿಸಿ ಚುಚ್ಚಿದಳು, ಹೋಗಲಿಲ್ಲ, ಮತ್ತೆ ಮೊದಲಿನಂತೆಯೇ ತಿರುಗಿಸಿದರೆ ಹೋಯಿತು, ಇದೊಂದು ಕರ್ಮ, ತಲೆ ಮೇಜಿಗೆ ಬಡಿಯಿತು, ಎದ್ದು ನೋಡಿದರೆ ಬಾಣ ಹಾಗೆಯೇ ನಡುಗುತ್ತಿದೆ, ಮೌಸಿನ ಕೆಳಗೆ ಪೇಪರು ಹಾಸಿದಳು, ಅದರ ಮೇಲೂ ಅದೇ ಕುಣಿತ, ಕೊನೆಗೆ ಬಾಣವನ್ನು ಇದ್ದಲ್ಲಿಯೇ, ಶೀಳನೆರೆಯ ಮೇಲೆಯೇ, ಬಿಟ್ಟು ಮೌಸನ್ನು ಮಗುಚಿ ನೋಡಿದಳು.

ಗಂಧ. ಗಂಧದ ಮೇಲೆ ಕುಂಕುಮ, ಕೆಂಪು ಬೆಳಕು ಬರುವ ಆ ತೂತಿಗೇ ಮೆತ್ತಿ ಒಣಗಿ ಗಟ್ಟಿಯಾಗಿದೆ, ನಿನ್ನೆಯ ಆಯುಧಪೂಜೆ, ತಾನು ನೋಡುತ್ತಲೇ ಇದ್ದಳಲ್ಲ, ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ, ಎಲ್ಲಾ ನೋಡಿದವಳು ಇದೊಂದನ್ನು ಹೇಗೆ ಬಿಟ್ಟಳು — ಮಾವ, ಇದಕ್ಕೆ ಯಾಕಿಟ್ರಿ, ಇಟ್ಟರೂ ಕೆಳಗೆ ಯಾಕಿಟ್ರಿ, ಬಾಗಿಲಲ್ಲಿ ನಿಂತ ಮುದುಕರ ಮುಖ ಸಣ್ಣದಾಯಿತು, ಮೇಲೆ ಇಟ್ಟರೆ ನಿನ್ನ ಕೈಗೆ ಅಂಟತ್ತಲ್ಲಮ್ಮ, ಅದಕ್ಕೇ ತಿರುಗಿಸಿ ಇಟ್ಟೆ, ಅಲ್ಲೊಂದು ಪುಟ್ಟ ದೀಪ ಬೇರೆ ಉರೀತಿತ್ತು, ದೀಪದ ಹತ್ರಾನೇ ಇಟ್ಟರೆ ಒಳ್ಳೇದು ಅಂತ, ಅದು ದೀಪ ಅಲ್ಲ ಮಾವ, ಅದರ ಕಣ್ಣು, ಅಯ್ಯೋ ರಂಗನಾಥಾ ಕಣ್ಣಿಗೇ ಇಟ್ಟುಬಿಟ್ಟೆನೇ. ಬೈಯುವುದು ಹೇಗೆ, ತನ್ನ ಕೈಗೆ ಅಂಟದಿರಲಿ ಎಂದು ಇಟ್ಟವರನ್ನು, ಆದರೆ ಬೈಯದೆ ಈ ಉರಿಯನ್ನು ಎಲ್ಲಿಡುವುದು, ಅವರು ಒಳಗೆ ಓಡಿ ಹೂಬತ್ತಿಯ ಹತ್ತಿ ತಂದರು, ಎಣ್ಣೆ ಮುಟ್ಟಿಸಿಲ್ಲ ಕಣಮ್ಮ, ಮಡೀದು, ಅದನ್ನು ಊದುಬತ್ತಿಯ ಕಡ್ಡಿಗೆ ಸುತ್ತಿ ಒದ್ದೆ ಮಾಡಿ ತೂತಿಗೆ ತಿರುವಿದಳು, ನಾಲ್ಕು ನಲವತ್ತೆಂಟು, ತಂತಿ ಕಿತ್ತು ಒರೆಸಬೇಕು, ಗೊತ್ತು, ಆದರೆ ಮತ್ತೆ ಮೇಜಿನಡಿ ಬಗ್ಗಿ ಮೂರು ಸಲ ಹೊರಳಿಸಿ ಚುಚ್ಚುವಷ್ಟು ಹೊತ್ತು ಎಲ್ಲಿದೆ, ಎಡಗೈಯಲ್ಲಿ ಮೌಸನ್ನು ಅಂಗಾತ ಬಿಗಿಹಿಡಿದಳು, ಬಿಡಿಸಿದಳು, ಕೆರೆದಳು, ಮೆಲ್ಲಗೆ ಅಮ್ಮ, ಕಣ್ಣು ಅಂದೆಯಲ್ಲ, ನೀವು ಸುಮ್ಮನಿರಿ ಮಾವ, ಹಕ್ಕಳೆಯಂತೆ ಒಂದು ತುಂಡು ಎದ್ದಿತು, ಟಕ್ ಎಂದಿತು, ಗಂಧ ಬಿಟ್ಟ ಸದ್ದು ಎಂದುಕೊಂಡಳು, ಇನ್ನೊಂದು ತುಂಡು, ಬೆಳಕು ಚೊಕ್ಕಟವಾಗಿ ಅಂಗೈಯ ಮೇಲೆ ಬಿತ್ತು, ನಾಲ್ಕು ಐವತ್ತೊಂದು, ಸಾಕಷ್ಟು ಹೊತ್ತಿದೆ, ಮೌಸನ್ನು ಮೇಜಿಗಿಟ್ಟು ತಲೆಯೆತ್ತಿದರೆ ಪಟ್ಟಿ ಇಲ್ಲ, ಅರಕೆರೆ ಇಲ್ಲ, ನಿಮ್ಮ ಆಯ್ಕೆ ದಾಖಲಾಗಿದೆ, ಶೀಳನೆರೆ, ಯಾರು, ಯಾರು ಒತ್ತಿದ್ದು, ಎಡಗೈ ನೋಡಿಕೊಂಡಳು, ಮೌಸಿನ ಗುಂಡಿ ಒತ್ತಿಹಿಡಿದಿದ್ದ ಬೆರಳು ಇನ್ನೂ ಬಿಳಿಚಿಕೊಂಡಿದೆ, ಟಕ್, ಆ ಟಕ್ — ಸರಿಹೋಯಿತೇನಮ್ಮ, ಮಾವ ಕುತ್ತಿಗೆ ನೀಡಿ ಕೇಳುತ್ತಿದ್ದಾರೆ, ಈಗ ನಡುಗ್ತಾ ಇಲ್ಲ ಅಲ್ವಾ, ಇಲ್ಲ ಮಾವ, ನಡುಗುತ್ತಿಲ್ಲ, ನೋಡಿ, ಶೀಳನೆರೆಯ ಮೇಲೆ ಬಾಣ, ಅಲುಗದೆ, ಬಾಣ.