ಕಾಲೊಳಗಿನ ಉಕ್ಕಿನ ಪಟ್ಟಿ

ಜೋಗೇಶ್ವರಿಯ ಆ ಸಾಲುಮನೆಗಳ ಚಾಳಿಗೆ ಹನ್ನೆರಡು ಖೋಲಿ, ಕೆಲವರ ಬಾಯಲ್ಲಿ ಹದಿನಾಲ್ಕು. ನೀರಿನ ನಳ ಮಾತ್ರ ಒಂದೇ ಎಂಬುದರಲ್ಲಿ ತಕರಾರಿಲ್ಲ. ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಆ ನಳದೆದುರೇ ಕಸ್ತೂರಿಬಾಯಿ ನೆರೆಯ ರುದ್ರವ್ವನತ್ತ ಬೆರಳು ಮಾಡಿ, "ನನ್ನ ಗಂಡಗ ಮಾಟ ಮಾಡಿಸಿದಾಕಿ ಇಕಿನ!" ಎಂದು ಕೂಗಿದ್ದಳು.

ಗಂಡ ಧರ್ಮಣ್ಣ ಕಟ್ಟಡಕ್ಕೆ ಕಟ್ಟಿದ್ದ ಬಿದಿರಿನ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಡಾಕ್ಟರರು ಎಲುಬಿಗೆ ಉಕ್ಕಿನ ಪಟ್ಟಿ ಕೂಡಿಸಿ ಹೊಲಿದಿದ್ದರು. ಎಲುಬು ಕೂಡಿತು, ಹೊಲಿಗೆಯ ಸುತ್ತಲಿನ ಚರ್ಮ ಮಾತ್ರ ಕೆಂಪೇರಿ, ಗುಳ್ಳೆಯೆದ್ದು, ನೀರೊಸರತೊಡಗಿತು. ಯಾವ ಮುಲಾಮಿಗೂ ಜಗ್ಗಲಿಲ್ಲ. ಅವನು ಆಸ್ಪತ್ರೆಯಿಂದ ಬಂದ ದಿನ ರುದ್ರವ್ವ ಅಂಬಲಿ ತಂದು, "ಕಾಲು ಚಂದ ಕೂಡೇತಿ ಬಿಡಣ್ಣಾ!" ಎಂದಿದ್ದಳು. ಅಷ್ಟೇ ಸಾಕಾಯಿತು; ಹೊಗಳಿದವಳೇ ಮಾಟ ಮಾಡಿಸಿದಳೆಂದು ಕಸ್ತೂರಿಬಾಯಿ ನಂಬಿದಳು. ಅವಳು ನಳದೆದುರು ಕೂಗಿದಂದಿನಿಂದ ಎಲ್ಲರೂ ತುಂಬಿಕೊಂಡ ಮೇಲೆ ನೀರು ಉಳಿದರೆ ರುದ್ರವ್ವನಿಗೆ.

ಮಾಟಕ್ಕೆ ಪ್ರತಿಯಾಗಿ ಕಸ್ತೂರಿಬಾಯಿ ಥಳಥಳಿಸುವ ತಾಯಿತ ತಂದು ಗಂಡನ ತೋಳಿಗೆ ಬಿಗಿದಳು. ಎಂಟೇ ದಿನ; ಗಾಯವಿಲ್ಲದ ತೋಳಿನಲ್ಲೂ ತಾಯಿತದಷ್ಟೇ ಉದ್ದ, ತಾಯಿತದಷ್ಟೇ ಅಗಲ ಅದೇ ಗುಳ್ಳೆಗಳು.

"ನೋಡ್ರಿ, ತೋಳಿಗೂ ಏರೇತಿ!" ಎಂದು ಡಾಕ್ಟರರ ಮುಂದೆ ಅತ್ತಳು.

ಅವರು ತಾಯಿತ ಬಿಚ್ಚಿ ಸಮಾಧಾನವಾಗಿ ಹೇಳಿದರು: ಯಾರೂ ಏನೂ ಮಾಡಿಲ್ಲ. ಈ ಹೊಳಪಿನಲ್ಲಿರುವ ನಿಕಲ್ ಎಂಬ ಲೋಹ ಕಾಲೊಳಗಿನ ಉಕ್ಕಿನಲ್ಲೂ ಬೆರೆತಿದೆ. ಕೆಲವರ ಮೈಗೆ ಅದು ಆಗಿಬರುವುದಿಲ್ಲ.

ಧರ್ಮಣ್ಣ ತಲೆ ತಗ್ಗಿಸಿದ. "ಮದಿವ್ಯಾಗ ನಿಮ್ಮಪ್ಪ ಕೊಟ್ಟ ವಾಚ್ ಕಟ್ಟಿದಾಗೂ ಹಿಂಗ ಆಗಿತ್ತು. ಮಾವ ಬ್ಯಾಸರ ಮಾಡ್ಕೋತಾರಂತ ಹೇಳಲಿಲ್ಲ."

ಪಟ್ಟಿ ತೆಗೆದ ಮೂರು ವಾರಕ್ಕೆ ಚರ್ಮ ತಿಳಿಯಾಯಿತು. ಕಸ್ತೂರಿಬಾಯಿಗೆ ಮಾತ್ರ ಹೊಸ್ತಿಲು ದಾಟಲು ಮುಖವಿರಲಿಲ್ಲ. ಚಾಳಿಗೆಲ್ಲ ಕೇಳುವಂತೆ ಕೂಗಿದ್ದನ್ನು ಕಿವಿಯಲ್ಲಿ ಉಸುರಿ ಅಳಿಸಲಾದೀತೆ?

ಒಂದು ಬೆಳಿಗ್ಗೆ, ಡಾಕ್ಟರರಿಂದ ಕೇಳಿ ತಂದಿದ್ದ ಪಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ, ತನ್ನ ಕೊಡವನ್ನು ರುದ್ರವ್ವನ ಕೊಡದ ಹಿಂದೆ, ಸಾಲಿನ ಕಟ್ಟಕಡೆಗೆ ಇಟ್ಟಳು.

"ಯಾಕವ್ವಾ, ನಿನಗೂ ಮಾಟ ತಗಲೇತೇನು?" ಎಂದಳು ರುದ್ರವ್ವ. ಯಾರೋ ಕಿಸಕ್ಕೆಂದರು.

ಕಸ್ತೂರಿಬಾಯಿ ಗಂಟು ಬಿಚ್ಚಿ, ಎಲ್ಲರಿಗೂ ಕಾಣುವಂತೆ ಪಟ್ಟಿಯನ್ನು ಕಲ್ಲಿನ ಮೇಲಿಟ್ಟಳು. "ತಪ್ಪು ನಂದು. ಉರಿ ಎಬ್ಬಿಸಿದ್ದು ಇದು, ನೀ ಅಲ್ಲ."

ರುದ್ರವ್ವ ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನನ್ನ ಹೆಸರ ಎಲ್ಲೂ ಕೊರೆದಿಲ್ಲಲ್ಲ. ನಿನಗ ಹ್ಯಾಂಗ ಓದಾಕ ಬಂತು?"

ಮುಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕೊಡಗಳನ್ನು ಪಕ್ಕಕ್ಕೆ ಸರಿಸಿದರು. ರುದ್ರವ್ವ ಮೊದಲಿಗಳಾಗಿ ತುಂಬಿಕೊಂಡು, ತಿರುಗಿ ನೋಡದೆ ನಡೆದಳು. ನಳದ ನೀರು ನಿಲ್ಲುವವರೆಗೂ ಕಸ್ತೂರಿಬಾಯಿ ಖಾಲಿ ಕೊಡದ ಹಿಂದೆಯೇ ನಿಂತಿದ್ದಳು; ಯಾರು ಕರೆದರೂ ಮುಂದೆ ಬರಲಿಲ್ಲ.