ತಾಯವ್ವನ ಕೈಗೆ ಸಿಕ್ಕ ಬಡಿತ

ಹೊಲಿಗೆ ಮಷಿನ್ ಓಡುವಷ್ಟು ಹೊತ್ತು ಕೂಸು ಸುಮ್ಮನಿರುತ್ತಿತ್ತು. ಪ್ರಜ್ಞಾ ಕಾಲು ತೆಗೆದು ದಾರ ಕತ್ತರಿಸುವಾಗ ಬಲಪಕ್ಕೆಯಲ್ಲಿ ಒದೆಯುತ್ತಿತ್ತು. ಐದನೇ ತಿಂಗಳಲ್ಲಿ ಅದು ಕಣ್ಣರೆಪ್ಪೆ ಅದುರಿದ ಹಾಗಿತ್ತು; ಗ್ಯಾಸಿರಬೇಕೆಂದು ಓಮ ಅಗಿದಿದ್ದಳು. ಈಗ ಒಂಬತ್ತರಲ್ಲಿ ಒದ್ದದ್ದು ಯಾವುದು, ಮೈಮುರಿದದ್ದು ಯಾವುದು ಎಂದು ಅವಳಿಗೆ ತಿಳಿಯುತ್ತಿತ್ತು. ಚೊಚ್ಚಲ ಹೆರಿಗೆಗೆಂದು ಸುರೇಬಾನದ ತವರಿಗೆ ಬಂದವಳು, ಖಾಲಿ ಕೂರಲಾಗದೆ ಓಣಿಯವರ ಜಂಪರ್ ಹೊಲಿದು ಕೊಡುತ್ತಿದ್ದಳು.

ಅವತ್ತು ಬೆಳಗಿನಿಂದ ಎಷ್ಟು ಸಲ ಮಷಿನ್ ನಿಲ್ಲಿಸಿದರೂ ಒದೆತ ಬರಲಿಲ್ಲ.

"ಯವ್ವಾ, ಕೂಸು ಮಿಸುಕವಲ್ದು."

ರೊಟ್ಟಿ ಬಡಿಯುತ್ತಿದ್ದ ತಾಯವ್ವ ಕೈ ತೊಳೆದು ಬಂದು ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಕಣ್ಣು ಮುಚ್ಚಿ ಕಾದಳು. "ಇಲ್ಲಿ ನೋಡ, ಟುಕು ಟುಕು ಅನ್ನಾಕ ಹತ್ತೈತಿ. ಸುಳ್ಳ ಹೆದರ್ತಿ."

"ಅದು ಕೂಸಿಂದಲ್ಲ. ನನ್ನ ನಾಡಿ ಬಡಿಯೂದು."

ಪಕ್ಕದ ಮನೆಯ ಲಗಮವ್ವನೂ ಬಂದು ಮುಟ್ಟಿ ನೋಡಿದಳು. "ಆಡಾಕ ಹತ್ತೈತಿ ಬಿಡ. ದಿನಾ ತುಂಬಿದ ಮ್ಯಾಲೆ ಒಳಗ ಜಾಗಾ ಎಲ್ಲಿರತೈತಿ? ಸುಮ್ಮ ಮಲಗೇತಿ. ಬೆಲ್ಲದ ನೀರು ಕುಡದು ನೀನೂ ಅಡ್ಡಾಗು."

ಪ್ರಜ್ಞಾ ಕುಡಿದು ಮಲಗಿದಳು. ಮಗ್ಗಲು ಬದಲಿಸಿದಾಗ ಒಳಗಿನ ಭಾರ ಆ ಕಡೆಗೆ ಜಾರಿತು. ಮತ್ತೆ ಈ ಕಡೆ ಹೊರಳಿದರೆ ಈ ಕಡೆಗೆ ಬಂತು. ತಾನಾಗಿ ಅದು ಏನೂ ಮಾಡಲಿಲ್ಲ. ಇದನ್ನು ಹೇಳಿದರೆ ತಾಯವ್ವ, "ಹೊರಳಿತು ಅಂತ ನೀನ ಅಂತಿ. ಮತ್ತ ಆಡಿದಂಗ ಆತಿಲ್ಲ?" ಎಂದಳು. ಸವದತ್ತಿಯಲ್ಲಿ ಟೈಲ್ಸ್ ಹಾಕುವ ಕೆಲಸದಲ್ಲಿದ್ದ ಗಂಡ ಸದಾಶಿವನಿಗೆ ಪ್ರಜ್ಞಾ ಫೋನ್ ಹಚ್ಚಿದಾಗ ತಾಯವ್ವ ಅದನ್ನು ಇಸಿದುಕೊಂಡಳು. "ಏನಿಲ್ಲರಿ ಅಳ್ಯಾರ, ನಾನ ಮುಟ್ಟಿ ನೋಡೇನಿ. ಆರಾಮ ಐತಿ."

ಅವನು ನಂಬಿದ. ನಂಬಲು ಪ್ರಜ್ಞಾಳಿಗೂ ಆಸೆಯಿತ್ತು. ಹೆತ್ತು ಬಲ್ಲ ಇಬ್ಬರ ಕೈಗೆ ತಿಳಿದದ್ದು ತನಗೆ ತಿಳಿಯುತ್ತಿಲ್ಲವೇನೋ ಎಂದುಕೊಂಡು ಅವ್ವ ಬಡಿಸಿದ್ದನ್ನು ಉಂಡಳು.

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ತಾಯವ್ವ ಹಿಂದಿನಿಂದ ಓಡಿಬಂದು ಬಸ್ ಹತ್ತಿದಳು. ರಾಮದುರ್ಗದ ದವಾಖಾನೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡುತ್ತ ಮಾಡುತ್ತ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಯಾವಾಗಿಂದ ಆಡಿಲ್ಲವ್ವಾ?"

"ನಿನ್ನೆ ಮುಂಜಾನಿಂದ್ರಿ."

"ನಿನ್ನೇನ ಬರಬೇಕಿತ್ತಲ್ಲ."

ಪ್ರಜ್ಞಾ ಅವ್ವನ ಕಡೆ ತಿರುಗಿದಳು. ತಾಯವ್ವನೇ ಬಾಯಿ ಬಿಟ್ಟಳು: "ನಾ ಕೈ ಇಟ್ಟ ನೋಡಿದ್ನಿರಿ ಬಾಯಾರ. ಬಡೀತಿತ್ರಿ, ಖರೇನ ಬಡೀತಿತ್ರಿ."

"ಕೂಸಿನ ಎದಿ ಬಡಿತ ಹೊರಗಿಂದ ಕೈಗೆ ಸಿಗಂಗಿಲ್ಲರಿ. ಅದು ನಿಮ್ಮ ಮಗಳ ನಾಡಿ ಇದ್ದೀತು, ಇಲ್ಲಾ ನಿಮ್ಮ ಬೆರಳಿಂದ. ದಿನಾ ತುಂಬಿದ್ರೂ ಕೂಸು ಆಡಬೇಕು." ಆಮೇಲೆ ಅವರು ಪ್ರಜ್ಞಾಳ ಭುಜ ಹಿಡಿದು, ಕೂಸಿನ ಎದೆ ನಿಂತಿದೆ ಎಂದು ಹೇಳಿದರು. ನಿನ್ನೆ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಅವಳು ಕೇಳಿದಳು. "ಗೊತ್ತಿಲ್ಲವ್ವಾ," ಎಂದರು ಡಾಕ್ಟರಮ್ಮ.

ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು, ತಲೆ ತುಂಬ ಕೂದಲು. ತೋರಿಸಬೇಡಿರೆಂದು ತಾಯವ್ವ ನರ್ಸಿನ ಕೈ ಹಿಡಿದಳು. "ಕೊಡ್ರಿ ಇಲ್ಲೆ. ನಂದು ಅದು," ಎಂದಳು ಪ್ರಜ್ಞಾ. ಅದು ತಣ್ಣಗಾಗುವವರೆಗೂ ಎದೆಗೆ ಒತ್ತಿ ಹಿಡಿದಿದ್ದಳು. ಸವದತ್ತಿಯಿಂದ ಬಂದಿದ್ದ ಸದಾಶಿವ ಅದನ್ನು ತನ್ನೂರು ಸಾಲಹಳ್ಳಿಗೆ ಒಯ್ದು ಹೊಲದ ಬದುವಿನಲ್ಲಿ ಹೂಳಿದ.

ತವರಿಗೆ ಮರಳಿದ ಮೇಲೂ ಪ್ರಜ್ಞಾಳಿಗೆ ಆಗಾಗ ಒಳಗೆ ಏನೋ ಮಿಸುಕಿದಂತಾಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಅವ್ವನೊಡನೆ ಮಾತೂ ನಿಂತಿತ್ತು. ನಂತರ ಎದೆಯಲ್ಲಿ ಹಾಲು ಕಟ್ಟಿತು. ಜಂಪರ್ ತೊಯ್ದು, ಎದೆ ಕಲ್ಲಾಗಿ ಜ್ವರ ಬಂತು. ತಾಯವ್ವ ಹಳೆಯ ಸೀರೆ ಹರಿದು ತಂದು ಬಾಗಿಲಲ್ಲಿ ನಿಂತಳು. ಪ್ರಜ್ಞಾ ತೋಳೆತ್ತಿ ಕೂತಳು. ಹಾಲು ಬತ್ತಲೆಂದು ತಾಯವ್ವ ಎದೆಗೆ ಸುತ್ತಿ ಸುತ್ತಿ ಕಟ್ಟಿದಳು.

"ಬಿಗಿ ಆತೇನ?"

"ಇನ್ನಷ್ಟು ಎಳಿ."